ಹಾಳೆ ಆಮೇಲೆ ನೋಡಿ, ಮೊದಲು ಕೈ ನೋಡಿ

(ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಜೊತೆಗೆ ಕರೆತಂದವರು ಅವರನ್ನು ಸುಮ್ಮನಿರಿಸಲು ಒದ್ದಾಡಬೇಡಿ. ಆ ಮೂಲೆಯಲ್ಲಿ ನೆಲದ ಮೇಲೆ ಹಾಳೆ, ಕ್ರೇಯಾನ್ ಹರಡಿದ್ದೇವೆ. ನನ್ನ ಮಾತು ಬೇಸರವಾದರೆ ನೀವೂ ಆ ಕಡೆ ನೋಡುತ್ತಿರಿ. ಇವತ್ತಿನ ವಿಷಯ ಅದೇ.

ಮಗುವಿಗೆ ಚಿತ್ರ ಬರೆಯುವುದರಲ್ಲಿ ಆಸಕ್ತಿ ಹುಟ್ಟಿಸುವುದು ಹೇಗೆ ಅಂತ ಕಾರ್ಯಕ್ರಮದ ಕರೆಯಲ್ಲಿ ಹಾಕಿದ್ದರು. ಹುಟ್ಟಿಸುವ ಕೆಲಸ ನಮ್ಮದಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ಸುಮಾರು 1250ರ ಹೊತ್ತಿಗೆ ರಷ್ಯಾದ ನೊವ್‌ಗೊರೊದ್‌ನಲ್ಲಿ ಒನ್‌ಫಿಮ್ ಅನ್ನುವ ಹುಡುಗನಿದ್ದ. ಆರೇಳು ವರ್ಷದವನಿರಬೇಕು. ಆ ಊರಿನಲ್ಲಿ ಆಗ ಬರ್ಚ್ ಮರದ ತೊಗಟೆಯ ಮೇಲೆ ಮೊನಚು ಕಡ್ಡಿಯಿಂದ ಗೀರಿ ಬರೆಯುತ್ತಿದ್ದರು. ಇವನ ತೊಗಟೆ ಚೂರುಗಳು 1956ರಲ್ಲಿ ನೆಲ ಅಗೆದಾಗ ಸಿಕ್ಕವು. ಒಂದರಲ್ಲಿ ಅಕ್ಷರಮಾಲೆ ಬರೆಯಲು ಕೂತಿದ್ದಾನೆ. ಕೆಲವು ಅಕ್ಷರ ಆಗುವಷ್ಟರಲ್ಲಿ ಸಾಕಾಗಿದೆ. ಮಿಕ್ಕ ಜಾಗದಲ್ಲಿ ಕುದುರೆ ಏರಿದ ವೀರ, ಕೆಳಗೆ ಬಿದ್ದ ಶತ್ರು, ಅವನಿಗೆ ಚುಚ್ಚಿದ ಈಟಿ. ವೀರನ ಪಕ್ಕದಲ್ಲಿ ತನ್ನದೇ ಹೆಸರು! ಇನ್ನೊಂದರಲ್ಲಿ ಒಂದು ವಿಚಿತ್ರ ಪ್ರಾಣಿ ಬಿಡಿಸಿ, ನಾನು ಕಾಡುಮೃಗ ಅಂತ ಬರೆದುಕೊಂಡಿದ್ದಾನೆ. ಅವನ ಮನುಷ್ಯರ ಬೆರಳಿನ ಲೆಕ್ಕ ಒಂದೊಂದು ಕೈಗೆ ಒಂದೊಂದು ಥರ.

ಇವನಿಗೆ ಬಣ್ಣದ ಡಬ್ಬಿ ಇರಲಿಲ್ಲ. ಡ್ರಾಯಿಂಗ್ ಕ್ಲಾಸ್ ಇರಲಿಲ್ಲ. ಕೈಗೆ ಸಿಗುವ ಹಾಗೆ ತೊಗಟೆ, ಕಡ್ಡಿ ಇತ್ತು. ಅಕ್ಷರ ಬಿಟ್ಟು ಯುದ್ಧ ಮಾಡುವಷ್ಟು ಹೊತ್ತು ಯಾರೂ ಮಧ್ಯೆ ತಲೆ ಹಾಕಿರಲಿಲ್ಲ ಅಂತ ಕಾಣುತ್ತದೆ. ನಿಮ್ಮ ಮನೆಯ ಆರು ವರ್ಷದ ಹುಡುಗ ಹೋಂವರ್ಕ್ ನೋಟ್‌ಬುಕ್ಕಿನ ಅಂಚಿನಲ್ಲಿ ಮಾಡುವುದೂ ಇದೇ ಅಲ್ವಾ?

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಪುಟ್ಟ ಮಗುವಿಗೆ ಚಿತ್ರ ಅಂದರೆ ಬರೆಯುತ್ತಿರುವಾಗ ನಡೆಯುವ ಸಂಗತಿ. ಬರೆದಾದ ಮೇಲೆ ಉಳಿಯುವ ಹಾಳೆ ಅದರ ಒಂದು ಚೂರು ಮಾತ್ರ. ನಾವು ದೊಡ್ಡವರು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಬರುತ್ತೇವೆ. ಹಾಳೆ ಎತ್ತಿಕೊಂಡು ತೀರ್ಪು ಹೇಳುತ್ತೇವೆ. ಆಸಕ್ತಿ ಬಾಡುವುದು ಅಲ್ಲಿಂದ.

ಒಂದು ಉದಾಹರಣೆ ನೋಡಿ. ನಾಲ್ಕು ವರ್ಷದ ಮಗು ಬೆಕ್ಕು ಬರೆಯುತ್ತಿದೆ. ಮೀಸೆ ಬಂತು, ಬಾಲ ಬಂತು. ನೀವು ಒಳಗೆ ಹೋಗಿ ಬರುವಷ್ಟರಲ್ಲಿ ಹಾಳೆ ಪೂರ್ತಿ ಕಪ್ಪು. "ಅಯ್ಯೋ, ಎಷ್ಟು ಚೆನ್ನಾಗಿತ್ತು, ಹಾಳು ಮಾಡಿಬಿಟ್ಟೆಯಲ್ಲ!" ಅನ್ನುತ್ತೀರಿ. ಮಗುವಿಗೆ ನಿಮ್ಮ ಮಾತೇ ಅರ್ಥವಾಗುವುದಿಲ್ಲ. ಯಾಕೆಂದರೆ ರಾತ್ರಿ ಆಯಿತು, ದೀಪ ಆರಿತು, ಬೆಕ್ಕು ಮಲಗಿತು. ಬೆಕ್ಕು ಇನ್ನೂ ಅಲ್ಲೇ ಇದೆ. ಪಕ್ಕದಲ್ಲಿ ಕೂತು ನೋಡಿದ್ದರೆ ಆ ಕಥೆಯೆಲ್ಲ ಬಾಯಲ್ಲಿ ಬರುತ್ತಿದ್ದುದು ನಿಮಗೆ ಕೇಳುತ್ತಿತ್ತು. ಮಕ್ಕಳು ಬರೆಯುವಾಗ ಸದ್ದು ಮಾಡುತ್ತಾರೆ, ಮಾತಾಡುತ್ತಾರೆ, ಕೈ ಬೀಸುತ್ತಾರೆ. ಬಸ್ಸು ಬರೆಯುವಾಗ ಗೇರ್ ಹಾಕುತ್ತಾರೆ. ಹಾಳೆಯಲ್ಲಿ ಉಳಿಯುವುದು ಬರೀ ಚಕ್ರ.

ಇದು ಒಂದೂವರೆ ವರ್ಷದ ಹೊತ್ತಿಗೇ ಶುರುವಾಗುತ್ತದೆ. ಮುಷ್ಟಿಯಲ್ಲಿ ಕ್ರೇಯಾನ್ ಹಿಡಿದು ಗೀಚುತ್ತದಲ್ಲ, ಅದು ಸುಮ್ನೆ ಕೈ ಆಡಿಸುವುದಲ್ಲ. 1968ರಲ್ಲಿ ಜೇಮ್ಸ್ ಗಿಬ್ಸನ್ ಮತ್ತು ಅವರ ಜೊತೆಗಾರರು ಪುಟ್ಟ ಮಕ್ಕಳಿಗೆ ಗೆರೆ ಮೂಡದ ಕಡ್ಡಿ ಕೊಟ್ಟು ನೋಡಿದರು. ಮಕ್ಕಳು ಬೇಗ ಬಿಟ್ಟುಬಿಟ್ಟರು. ಗೆರೆ ಮೂಡುವ ಕಡ್ಡಿ ಕೊಟ್ಟರೆ ಮತ್ತೆ ಗೀಚಿದರು. ತಾನು ಕೈ ಆಡಿಸಿದ್ದಕ್ಕೆ ಅಲ್ಲೊಂದು ಗುರುತು ಬೀಳುತ್ತದೆ, ಆ ಗುರುತು ತಾನು ಕೈ ತೆಗೆದ ಮೇಲೂ ಇರುತ್ತದೆ. ಮಗುವಿಗೆ ಇದು ದೊಡ್ಡ ಪತ್ತೆ. ಗೀಚಾಟವನ್ನು ಚಿತ್ರಕ್ಕೆ ಮುಂಚಿನ ಕಸ ಅಂತ ನೋಡುವವರು ಇದನ್ನು ನೆನಪಿಡಬೇಕು. ರೋಡಾ ಕೆಲಾಗ್ ಅನ್ನುವ ಅಮೆರಿಕದ ಶಿಕ್ಷಕಿ ಜಗತ್ತಿನ ನಾನಾ ಕಡೆಯಿಂದ ಸುಮಾರು ಹತ್ತು ಲಕ್ಷ ಮಕ್ಕಳ ಚಿತ್ರ ಕೂಡಿಟ್ಟಿದ್ದರು. ಗೀಚಾಟದಲ್ಲೇ 20 ಬಗೆಯ ಗೆರೆಗಳನ್ನು ಗುರುತಿಸಿದರು. ಚುಕ್ಕೆ, ಉದ್ದ ಗೆರೆ, ಅಡ್ಡ ಗೆರೆ, ಸುತ್ತು ಗೆರೆ, ಹೀಗೆ. ಮುಂದೆ ಮಗು ಬರೆಯುವ ಸೂರ್ಯ, ಮನುಷ್ಯ ಎಲ್ಲ ಈ ಗೆರೆಗಳಿಂದಲೇ ಬರುತ್ತವೆ ಅಂತ ಅವರ ವಾದ. ಆ ವಾದವನ್ನು ಎಲ್ಲರೂ ಪೂರ್ತಿ ಒಪ್ಪುವುದಿಲ್ಲ. ಆದರೆ ಗೀಚಾಟವನ್ನು ಅಷ್ಟು ಮರ್ಯಾದೆ ಕೊಟ್ಟು ನೋಡಿದವರು ಕಡಿಮೆ.

ಈ ವಯಸ್ಸಿನಲ್ಲಿ ಕೈ ಭುಜದಿಂದ ಆಡುತ್ತದೆ. ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು. ಅದಕ್ಕೇ ದೊಡ್ಡ ಹಾಳೆ ಬೇಕು. ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ಟೇಪ್ ಅಂಟಿಸಿ, ಹಾಳೆ ಜಾರುವುದಿಲ್ಲ. ಎರಡು ವರ್ಷದ ಮಗುವಿನ ಮುಷ್ಟಿ ಬಿಡಿಸಿ, ಪೆನ್ಸಿಲ್ ಹೀಗೆ ಹಿಡಿ ಅಂತ ಕಲಿಸಲು ಹೋಗಬೇಡಿ. ಮೂರು ಬೆರಳಿನ ಹಿಡಿತ ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷದೊಳಗೆ ಪಳಗುತ್ತದೆ.

ಈಗ ನಾವೆಲ್ಲ ಕೇಳುವ ಪ್ರಶ್ನೆಗೆ ಬರೋಣ. "ಇದೇನು ಪುಟ್ಟಾ?"

ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ ಎರಡೂವರೆ ವರ್ಷದ ಮಗು ಏನನ್ನೋ ಬರೆಯಬೇಕು ಅಂತ ಕೂತಿರುವುದೇ ಇಲ್ಲ. ಫ್ರಾನ್ಸಿನ ಜಾರ್ಜ್ ಆನ್ರಿ ಲೂಕೆ ತಮ್ಮ ಮಗಳ ಚಿತ್ರಗಳನ್ನು ವರ್ಷಗಟ್ಟಲೆ ಗಮನಿಸಿ ಬರೆದಿಟ್ಟವರು. ಮಗು ಮೊದಲು ಗೆರೆ ಎಳೆಯುತ್ತದೆ, ಎಳೆದಾದ ಮೇಲೆ ಅದರಲ್ಲಿ ಏನೋ ಕಂಡು ಹೆಸರಿಡುತ್ತದೆ ಅಂತ ಅವರು ತೋರಿಸಿದರು. ಹೆಸರು ಆಗಾಗ ಬದಲಾಗುತ್ತದೆ. ಬೆಳಿಗ್ಗೆ ಮೀನು, ಸಂಜೆ ವಿಮಾನ. ನಾವು ದಿನಾ ಇದೇನು ಇದೇನು ಅಂತ ಕೇಳಿದರೆ, ಪ್ರತಿ ಗೆರೆಗೂ ಉತ್ತರ ಕೊಡಬೇಕು ಅಂತ ಮಗು ಕಲಿಯುತ್ತದೆ. ಉತ್ತರ ಕೊಡಲಾಗದ ಗೆರೆ ಬರೆಯಲು ಹಿಂಜರಿಯುತ್ತದೆ.

ಹಾಗಾದರೆ ಏನು ಹೇಳುವುದು? ಕಂಡದ್ದನ್ನು ಹೇಳಿ. "ಇಲ್ಲಿ ಎಷ್ಟು ಒತ್ತಿ ಬರೆದಿದ್ದೀಯ!" "ಈ ಗೆರೆ ಆ ತುದಿಯಿಂದ ಇಲ್ಲಿವರೆಗೂ ಬಂದುಬಿಡ್ತಲ್ಲ." "ನೀಲಿ ಮೇಲೆ ಹಳದಿ ಹಚ್ಚಿದಾಗ ಏನಾಯ್ತು ನೋಡಿದ್ಯಾ?" ಇಂಥ ಮಾತಿನಲ್ಲಿ ತೀರ್ಪಿಲ್ಲ, ಆದರೆ ನೀವು ನಿಜವಾಗಿ ನೋಡಿದ್ದೀರಿ ಅನ್ನುವುದು ಮಗುವಿಗೆ ಗೊತ್ತಾಗುತ್ತದೆ. ಸ್ವಲ್ಪ ದೊಡ್ಡ ಮಗುವಾದರೆ, "ಇದರ ಕಥೆ ಹೇಳ್ತೀಯಾ?" ಅಂತ ಕೇಳಬಹುದು. ಹೇಳದಿದ್ದರೆ ಬಿಟ್ಟುಬಿಡಿ.

ಮೂರೂವರೆ, ನಾಲ್ಕು ವರ್ಷಕ್ಕೆ ಮನುಷ್ಯ ಬರುತ್ತಾನೆ. ಒಂದು ದೊಡ್ಡ ತಲೆ, ಅದರಿಂದ ನೇರ ಇಳಿದ ಎರಡು ಕಾಲು. ಹೊಟ್ಟೆ ಇಲ್ಲ. ಕೈಗಳಿದ್ದರೆ ಕಿವಿಯ ಜಾಗದಿಂದ. ಬೇರೆ ಬೇರೆ ದೇಶದ ಮಕ್ಕಳಲ್ಲಿ ಈ ರೂಪ ಕಂಡುಬಂದಿದೆ. ಇದನ್ನು ನೋಡಿ, "ಹೊಟ್ಟೆ ಎಲ್ಲಿ? ಕುತ್ತಿಗೆ ಎಲ್ಲಿ?" ಅಂತ ತಿದ್ದಲು ಹೋಗುವವರೇ ಜಾಸ್ತಿ. ಮಗುವಿಗೆ ಹೊಟ್ಟೆ ಇರುವುದು ಗೊತ್ತಿಲ್ಲವೇ? ಹೊಟ್ಟೆ ನೋವು ಅಂತ ನಿನ್ನೆ ತಾನೇ ಅತ್ತಿರುತ್ತದೆ. ಕ್ಲೇರ್ ಗೋಲಂಬ್ ಅನ್ನುವ ಮನಃಶಾಸ್ತ್ರಜ್ಞೆ ಇದನ್ನೇ ಪರೀಕ್ಷಿಸಿದರು. ಮನುಷ್ಯನಿಗೆ ಏನೇನು ಬರೆಯಬೇಕು ಅಂತ ಒಂದೊಂದೇ ಹೇಳಿದರೆ, ಅಥವಾ ಬೇರೆ ಬಗೆಯ ಕೆಲಸ ಕೊಟ್ಟರೆ, ಅಂಥ ಮಕ್ಕಳೇ ಇನ್ನಷ್ಟು ಅಂಗಗಳನ್ನು ಸೇರಿಸುತ್ತಾರೆ. ಅಂದರೆ ಬಿಟ್ಟಿದ್ದು ತಿಳಿಯದೆ ಅಲ್ಲ. ಇಷ್ಟು ಸಾಕು, ಇದು ಮನುಷ್ಯ ಅಂತ ಗೊತ್ತಾಗುತ್ತದೆ ಅನ್ನುವ ತೀರ್ಮಾನ ಅದು. ಗೊತ್ತಾಗುತ್ತದೆ ತಾನೇ?

ಇನ್ನೂ ಸ್ವಾರಸ್ಯದ್ದು ಕಪ್ ಪರೀಕ್ಷೆ. 1972ರಲ್ಲಿ ನಾರ್ಮನ್ ಫ್ರೀಮನ್ ಮತ್ತು ಅವರ ಜೊತೆಗಾರರು ಮಕ್ಕಳ ಮುಂದೆ ಹಿಡಿಕೆ ಇರುವ ಕಪ್ ಇಟ್ಟರು. ಹಿಡಿಕೆ ಹಿಂದಕ್ಕೆ ತಿರುಗಿತ್ತು, ಮಕ್ಕಳಿಗೆ ಕಾಣುತ್ತಿರಲಿಲ್ಲ. ಮುಂದೆ ಒಂದು ಹೂವಿನ ಚಿತ್ರ ಕಾಣುತ್ತಿತ್ತು. ಕಂಡದ್ದನ್ನು ಬರೆಯಿರಿ ಅಂದರು. ಐದಾರು ವರ್ಷದವರು ಕಾಣದ ಹಿಡಿಕೆ ಬರೆದರು, ಕಾಣುವ ಹೂವನ್ನು ಬಿಟ್ಟರು. ಎಂಟರ ಮೇಲಿನವರು ಹೂವು ಬರೆದು ಹಿಡಿಕೆ ಬಿಟ್ಟರು. ಚಿಕ್ಕವರಿಗೆ ಕಪ್ ಅಂದರೆ ಹಿಡಿಕೆ ಇರುವುದು. ಹೂವು ಇದ್ದರೂ ಇಲ್ಲದಿದ್ದರೂ ಅದು ಕಪ್ ತಾನೇ. ಅವರು ಹೇಳುವುದರಲ್ಲಿ ತರ್ಕ ಇದೆ. ಮನೆಯ ಗೋಡೆ ಬರೆದು ಒಳಗಿನ ಮಂಚ, ಮಲಗಿದ ಅಜ್ಜಿ ಎಲ್ಲ ಕಾಣುವ ಹಾಗೆ ಬರೆಯುವುದೂ ಇದೇ ತರ್ಕ. ಗೋಡೆ ಇದ್ದರೆ ಅಜ್ಜಿ ಕಾಣಲ್ಲ ಮರಿ ಅಂತ ತಿದ್ದಿದರೆ ಅಜ್ಜಿ ಹೋಗುತ್ತಾಳೆ, ಗೋಡೆ ಉಳಿಯುತ್ತದೆ. ಯಾರಿಗೆ ಲಾಭ?

ಹಾಗೆಯೇ ಮಕ್ಕಳ ಚಿತ್ರದಿಂದ ಬುದ್ಧಿ ಅಳೆಯುವ ಚಪಲ. 1926ರಲ್ಲಿ ಫ್ಲಾರೆನ್ಸ್ ಗುಡ್‌ಇನಫ್ ಮನುಷ್ಯನ ಚಿತ್ರಕ್ಕೆ ಅಂಕ ಹಾಕುವ ಪರೀಕ್ಷೆ ಮಾಡಿದರು, ಅದು ಬಹಳ ಕಾಲ ಚಾಲ್ತಿಯಲ್ಲಿತ್ತು. ಮನೆಯಲ್ಲಿ ಅದರ ಆಟ ಬೇಡ. ಪಕ್ಕದ ಮನೆ ಮಗು ಬೆರಳು ಬರೆಯಿತು, ನಮ್ಮದು ಬರೆಯಲಿಲ್ಲ ಅನ್ನುವ ಲೆಕ್ಕವಂತೂ ಬೇಡವೇ ಬೇಡ.

ಇನ್ನು ಬಹುಮಾನ. ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ, ಯಾಕೆಂದರೆ ನಾವು ಒಳ್ಳೆಯ ಮನಸ್ಸಿನಿಂದ ಮಾಡುವ ಹಾನಿ ಇದು. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾಡಿದ ಪ್ರಯೋಗವನ್ನು ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಪ್ರಕಟಿಸಿದರು. ಮೂರರಿಂದ ಐದು ವರ್ಷದ, ಸ್ಕೆಚ್ ಪೆನ್ನಿನಿಂದ ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬರೆದರೆ ರಿಬ್ಬನ್ ಹಚ್ಚಿದ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಮೊದಲು ಹೇಳಲಿಲ್ಲ, ಬರೆದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಆಟದ ಹೊತ್ತಿನಲ್ಲಿ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ದೂರದಿಂದ ನೋಡಿದರು. ಆಸೆ ಹುಟ್ಟಿಸಿದ್ದ ಗುಂಪಿನ ಮಕ್ಕಳು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಪ್ರಶಸ್ತಿಗಾಗಿ ಬರೆದ ಚಿತ್ರಗಳ ಗುಣವೂ ಕಡಿಮೆಯಾಗಿತ್ತು.

ಗಮನಿಸಿ, ಅಚಾನಕ್ಕಾಗಿ ಪತ್ರ ಪಡೆದ ಮಕ್ಕಳಿಗೆ ಏನೂ ಆಗಲಿಲ್ಲ. ಅವರು ಮೊದಲಿನ ಹಾಗೇ ಬರೆದರು. ಹಾಳು ಮಾಡಿದ್ದು ಬಹುಮಾನವಲ್ಲ, ಇದು ಮಾಡಿದರೆ ಅದು ಕೊಡುತ್ತೇನೆ ಅನ್ನುವ ಒಪ್ಪಂದ. ಇಷ್ಟದ ಆಟ ಕೂಲಿ ಕೆಲಸವಾಯಿತು. ಹಾಗಾಗಿ ಖುಷಿಯಿಂದ ಒಂದು ದಿನ ಹೊಸ ಬಣ್ಣ ತಂದುಕೊಟ್ಟರೆ ತೊಂದರೆಯಿಲ್ಲ. ಎರಡು ಚಿತ್ರ ಮುಗಿಸಿದರೆ ಟಿವಿ ಹಾಕುತ್ತೇನೆ ಅನ್ನಬೇಡಿ. ಆರು ವರ್ಷದೊಳಗಿನವರನ್ನು ಚಿತ್ರ ಸ್ಪರ್ಧೆಗೆ ಕೂರಿಸುವುದರಿಂದ ಮಕ್ಕಳಿಗಿಂತ ಹೊರಗೆ ಕಾಯುವ ದೊಡ್ಡವರಿಗೇ ಹೆಚ್ಚು ಕುತೂಹಲ ತಣಿಯುತ್ತದೆ ಅಂತ ನನ್ನ ಅಭಿಪ್ರಾಯ. ಬೇಜಾರಾದರೆ ಕ್ಷಮಿಸಿ.

ಹೊಗಳಲೇಬಾರದು ಅಂತ ಹೇಳುತ್ತಿಲ್ಲ. "ಸೂಪರ್" ಬಾಯಿಗೆ ಬಂದರೆ ಬರಲಿ. ಆದರೆ ಮೊಬೈಲಿನಿಂದ ತಲೆ ಎತ್ತದೆ ಹೇಳಿದ ಸೂಪರ್ ಎಂಥದು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಕಲರಿಂಗ್ ಬುಕ್ ಬಗ್ಗೆ ಜಗಳವೇ ಇದೆ. ಮಕ್ಕಳ ಕಲೆಯ ಬಗ್ಗೆ 1940ರ ದಶಕದಲ್ಲಿ ಬರೆದ ವಿಕ್ಟರ್ ಲೋವೆನ್‌ಫೆಲ್ಡ್ ಅದನ್ನು ಕಟುವಾಗಿ ವಿರೋಧಿಸಿದರು. ಮುದ್ರಿಸಿದ ನಾಯಿಗೆ ಬಣ್ಣ ತುಂಬಿದ ಮಗು, ತಾನು ಬರೆಯುವ ನಾಯಿ ಅಷ್ಟು ಚೆನ್ನಾಗಿಲ್ಲ ಅಂದುಕೊಳ್ಳುತ್ತದೆ ಅಂತ ಅವರ ಆತಂಕ. ನನಗೆ ಅದು ವಿಷ ಅನ್ನಿಸುವುದಿಲ್ಲ. ಪ್ರಯಾಣದಲ್ಲಿ ಹೊತ್ತು ಹೋಗಲು, ಕೈ ಪಳಗಲು ಇರಲಿ. ಆದರೆ ಅದನ್ನು ಚಿತ್ರ ಬರೆಯುವುದರ ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿ ತೀರ್ಮಾನಗಳೆಲ್ಲ ಮೊದಲೇ ಆಗಿಹೋಗಿವೆ. ನಾಯಿ ಎಷ್ಟು ದೊಡ್ಡದು, ಎಲ್ಲಿ ನಿಲ್ಲಬೇಕು, ಬಾಲ ಮೇಲೋ ಕೆಳಗೋ, ಯಾವುದನ್ನೂ ಮಗು ಯೋಚಿಸುವ ಹಾಗಿಲ್ಲ.

"ನಂಗೆ ಬರಲ್ಲ, ನೀನೇ ಆನೆ ಬರೆದುಕೊಡು" ಅಂತ ಮಗು ಹಟ ಹಿಡಿದಾಗ ನಾವು ಥಟ್ಟನೆ ಒಂದು ಆನೆ ಬರೆದುಬಿಡುತ್ತೇವೆ. ಮಾರನೆಯ ದಿನದಿಂದ ಅದೇ ಆನೆ. ಅದರ ಬದಲು ಎದ್ದು ನಿಲ್ಲಿಸಿ, ಆನೆ ಹೇಗೆ ನಡೆಯುತ್ತದೆ ತೋರಿಸು ಅನ್ನಿ. ಸೊಂಡಿಲು ಎಲ್ಲಿ ಶುರುವಾಗುತ್ತದೆ, ನೆಲ ಮುಟ್ಟುತ್ತದಾ? ಕಿವಿ ದೊಡ್ಡದೋ ತಲೆ ದೊಡ್ಡದೋ? ಯಾವುದನ್ನು ಮೊದಲು ಬರೆಯೋಣ? ಮೈಯಿಂದ ಆನೆ ಮಾಡಿದ ಮಗುವಿಗೆ ಗೆರೆ ಹುಡುಕುವುದು ಅಷ್ಟು ಕಷ್ಟವಾಗುವುದಿಲ್ಲ. ನೀವು ಬೇಕಾದರೆ ನಿಮ್ಮ ಹಾಳೆಯಲ್ಲಿ ನಿಮ್ಮದೇ ಏನಾದರೂ ಬರೆಯಿರಿ. ಆದರೆ ಮಗುವಿನ ಹಾಳೆಯ ಮೇಲೆ ನಿಮ್ಮ ಕೈ ಬೇಡ. ಒಂದು ಗೆರೆ ಕೂಡ.

ಇದರ ಅರ್ಥ ನಕಲು ಮಾಡುವುದು ಪಾಪ ಅಂತಲ್ಲ. ಮಕ್ಕಳು ಕಾರ್ಟೂನ್ ನೋಡಿ ಬರೆಯುತ್ತಾರೆ, ಅಣ್ಣನ ಚಿತ್ರ ನೋಡಿ ಬರೆಯುತ್ತಾರೆ. ಬೇರೆಯವರ ಚಿತ್ರಗಳಿಂದ ಕಲಿಯುವುದು ಸಹಜ. ಮಗು ತಾನಾಗಿ ಇಷ್ಟಪಟ್ಟು ನಕಲು ಮಾಡುವುದು ಬೇರೆ, ನಾವು ಎದುರಿಗಿಟ್ಟು ಇದರ ಹಾಗೇ ಬರೆ ಅನ್ನುವುದು ಬೇರೆ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ದಪ್ಪ ಕ್ರೇಯಾನ್, ಸೀಮೆಸುಣ್ಣ, ಒಂದು ದಪ್ಪ ಬ್ರಷ್. ಒಂದು ಕಡೆ ಖಾಲಿ ಇರುವ ಹಳೆಯ ಹಾಳೆಗಳು, ಬಿಚ್ಚಿದ ರಟ್ಟಿನ ಡಬ್ಬ. ಐದಾರು ಬಣ್ಣ ಸಾಕು, ಬೆರೆಸಿ ಹೊಸ ಬಣ್ಣ ಕಂಡುಕೊಳ್ಳಲಿ. ರಬ್ಬರ್ ಕೊಡಬೇಡಿ. ರಬ್ಬರ್ ಕೈಗೆ ಬಂದರೆ ಮಗು ಬರೆಯುವುದಕ್ಕಿಂತ ಜಾಸ್ತಿ ಅಳಿಸುತ್ತದೆ. ಮೂರು ವರ್ಷದೊಳಗಿನವರು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ, ಹಾಗಾಗಿ ವಿಷವಿಲ್ಲದ ಬಣ್ಣ ಅಂತ ಡಬ್ಬಿಯ ಮೇಲೆ ನೋಡಿ ತನ್ನಿ. ಪೆನ್ನಿನ ಮುಚ್ಚಳ, ಮುರಿದ ಚೂರು ಗಂಟಲಿಗೆ ಸಿಕ್ಕಬಹುದು, ಕಣ್ಣಿಟ್ಟಿರಿ. ಎಲ್ಲಕ್ಕಿಂತ ಮುಖ್ಯ, ಇವೆಲ್ಲ ಮಗುವಿನ ಕೈಗೆ ಎಟುಕುವ ಕಡೆ ಇರಲಿ. ಬೀರುವಿನ ಮೇಲಿನ ಖಾನೆಯಲ್ಲಿ ಜೋಪಾನವಾಗಿಟ್ಟ ದುಬಾರಿ ಬಣ್ಣಕ್ಕಿಂತ ಕೆಳಗಿನ ಬುಟ್ಟಿಯಲ್ಲಿರುವ ನಾಲ್ಕು ತುಂಡು ಕ್ರೇಯಾನ್ ಮೇಲು. ಗೋಡೆಯ ಕಾಟ ಇದ್ದರೆ ಒಂದು ಕಡೆ ಮಗುವಿನ ಎತ್ತರಕ್ಕೆ ದೊಡ್ಡ ಕಾಗದ ಅಂಟಿಸಿ, ಇಲ್ಲಿ ಬರೆಯಬಹುದು, ಅಲ್ಲಿ ಬೇಡ ಅನ್ನಿ. ಹತ್ತು ಸಲ ಹೇಳಬೇಕಾಗುತ್ತದೆ, ಹೇಳಿ.

ಬರೆದ ಚಿತ್ರಗಳನ್ನು ಏನು ಮಾಡುವುದು? ಎಲ್ಲ ಇಟ್ಟರೆ ಮನೆ ಸಾಲದು. ಕೆಲವನ್ನು ಇಡಿ. ಹಿಂಬದಿಯಲ್ಲಿ ತಾರೀಖು ಹಾಕಿ, ಬರೆಯುವಾಗ ಮಗು ಏನು ಹೇಳುತ್ತಿತ್ತೋ ಅದನ್ನು ಅದರದೇ ಮಾತಿನಲ್ಲಿ ಬರೆದಿಡಿ. ಮುಂಬದಿಯಲ್ಲಿ ಏನೂ ಬರೆಯಬೇಡಿ. ಆ ಕಪ್ಪು ಹಾಳೆಯ ಹಿಂದೆ "ದೀಪ ಆರಿತು, ಬೆಕ್ಕು ಮಲಗಿದೆ" ಅಂತ ಇದ್ದರೆ, ಹತ್ತು ವರ್ಷ ಬಿಟ್ಟು ನೋಡಿದರೂ ಅದು ಕಪ್ಪು ಹಾಳೆ ಅಲ್ಲ. ಮಿಕ್ಕವನ್ನು ಎಸೆಯುವಾಗ ಮಗುವಿನ ಕಣ್ಣೆದುರು ಎಸೆಯಬೇಡಿ.

ನಾನು ಇಷ್ಟಕ್ಕೆ ನಿಲ್ಲಿಸುತ್ತೇನೆ. ಪ್ರಶ್ನೆ ಕೇಳಿ.

ನಮ್ಮ ಮೊಮ್ಮಗ ದಿನಾ ಒಂದೇ ಬಸ್ಸು ಬರೆಯುತ್ತಾನೆ. ಬೇರೆ ಏನಾದರೂ ಬರೆಯೋ ಅಂದರೂ ಕೇಳಲ್ಲ.

ಬರೆಯಲಿ ಬಿಡಿ ಅಜ್ಜಾ. ಒಂದು ವಾರದ ಬಸ್ಸುಗಳನ್ನು ಸಾಲಾಗಿ ನೆಲದ ಮೇಲಿಟ್ಟು ನೋಡಿ. ಒಂದಕ್ಕೆ ಕನ್ನಡಿ ಬಂದಿರುತ್ತದೆ, ಇನ್ನೊಂದಕ್ಕೆ ಏಣಿ, ಮತ್ತೊಂದರಲ್ಲಿ ಡ್ರೈವರ್ ಇಳಿದು ಹೋಗಿರುತ್ತಾನೆ. ಬಸ್ಸಿನಲ್ಲಿ ಯಾರು ಕೂತಿದ್ದಾರೆ, ಎಲ್ಲಿಗೆ ಹೊರಟಿದೆ ಅಂತ ಮಾತಾಡಿ. ದಾರಿ ಬೇಕಾದರೆ ಅವನೇ ಬರೆಯುತ್ತಾನೆ.

ಮಗಳು ಯಾವಾಗಲೂ ಕಪ್ಪು ಬಣ್ಣವನ್ನೇ ತಗೋತಾಳೆ. ಮನಸ್ಸಿನಲ್ಲಿ ಏನಾದರೂ ದುಃಖ ಇರಬಹುದಾ?

ಬಿಳಿ ಹಾಳೆಯ ಮೇಲೆ ಚೆನ್ನಾಗಿ ಎದ್ದು ಕಾಣುವುದು ಕಪ್ಪು. ಕಾರಣ ಅಷ್ಟೇ ಇರಬಹುದು. ಬಣ್ಣ ನೋಡಿ ಮನಸ್ಸು ಓದುವ ಮಾತನ್ನು ನಂಬಬೇಡಿ. ಊಟ, ನಿದ್ದೆ, ಆಟ, ಮಾತಿನಲ್ಲಿ ಬದಲಾವಣೆ ಕಂಡರೆ ಡಾಕ್ಟರ ಹತ್ತಿರ ಹೋಗಿ. ಹೋಗುವುದಾದರೆ ಆ ಕಾರಣಕ್ಕೆ ಹೋಗಿ, ಕ್ರೇಯಾನ್ ಕಾರಣಕ್ಕೆ ಬೇಡ.

ಟ್ಯಾಬ್‌ನಲ್ಲಿ ಬರೆದರೆ ಆಗಲ್ವಾ? ಮನೆ ಗಲೀಜಾಗಲ್ಲ.

ದೊಡ್ಡ ಮಕ್ಕಳಿಗೆ ಅದೂ ಒಂದು ಸಾಧನ. ಪುಟ್ಟವರಿಗೆ ಅದರಲ್ಲಿ ಸಿಗದೇ ಇರುವುದು ಬಹಳ. ಒತ್ತಿದರೆ ಕ್ರೇಯಾನ್ ಮುರಿಯುವುದಿಲ್ಲ, ನೀರು ಜಾಸ್ತಿಯಾಗಿ ಹಾಳೆ ಹರಿಯುವುದಿಲ್ಲ. ಒಂದು ಗುಂಡಿ ಒತ್ತಿದರೆ ಮಾಡಿದ್ದೆಲ್ಲ ಮಾಯ. ಎರಡರಿಂದ ನಾಲ್ಕು ವರ್ಷದವರಿಗೆ ಕೂತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಗಲೀಜಿಗೆ ಹಳೆಯ ಪತ್ರಿಕೆ ಹಾಸಿ.

ನನ್ನ ಮಗಳಿಗೆ ಒಂಬತ್ತು. ಮೊದಲು ದಿನವಿಡೀ ಬರೆಯುತ್ತಿದ್ದಳು. ಈಗ ನನ್ನದು ಚೆನ್ನಾಗಿ ಬರಲ್ಲ ಅಂತ ಹರಿದು ಹಾಕುತ್ತಾಳೆ.

ಈ ವಯಸ್ಸಿನಲ್ಲಿ ಬಹಳ ಮಕ್ಕಳು ನಿಲ್ಲಿಸುವುದು ಹೀಗೇ. ನಾನು ಇಷ್ಟು ಹೊತ್ತು ಪುಟ್ಟವರ ಬಗ್ಗೆ ಹೇಳಿದ್ದು ಇಲ್ಲಿ ಪೂರ್ತಿ ಸಾಲದು. ಅವಳಿಗೆ ಈಗ ಕಾಣುವ ಹಾಗೆ ಬರೆಯಬೇಕಿದೆ, ಕೈ ಅಷ್ಟು ಪಳಗಿಲ್ಲ. ಚೆನ್ನಾಗೇ ಇದೆ ಕಂದಾ ಅಂತ ಸಮಾಧಾನ ಹೇಳಿದರೆ ನಂಬುವುದಿಲ್ಲ, ಅವಳ ಕಣ್ಣು ನಿಮಗಿಂತ ಚುರುಕು. ಈಗ ಕಲಿಸಬಹುದು, ಒಳ್ಳೆಯ ಮೇಷ್ಟ್ರು ಸಿಕ್ಕರೆ ಕ್ಲಾಸಿಗೂ ಕಳಿಸಬಹುದು. ಮನೆಯಲ್ಲಾದರೆ ಒಂದು ಹಳೆಯ ಶೂ ಮೇಜಿನ ಮೇಲಿಡಿ. ಹಾಳೆ ನೋಡದೆ, ಶೂವನ್ನೇ ನೋಡುತ್ತಾ ಅದರ ಅಂಚಿನ ಗುಂಟ ಕಣ್ಣು ಹೋದ ಹಾಗೆ ನಿಧಾನವಾಗಿ ಪೆನ್ಸಿಲ್ ಎಳೆಯುವುದು. ಎಲ್ಲರದೂ ಸೊಟ್ಟಗೇ ಬರುತ್ತದೆ, ಅದರಲ್ಲಿ ಚೆನ್ನಾಗಿ ಬರಬೇಕು ಅನ್ನುವ ಪ್ರಶ್ನೆಯೇ ಇಲ್ಲ. ಆದರೆ ಲೇಸ್ ಎಲ್ಲಿ ಮಡಚಿದೆ, ಹಿಮ್ಮಡಿ ಎಷ್ಟು ಸವೆದಿದೆ ಅಂತ ಕಣ್ಣು ಗಮನಿಸಲು ಕಲಿಯುತ್ತದೆ. ಮೊದಲು ನೀವು ಮಾಡಿ, ದಿನಾ ಹತ್ತು ನಿಮಿಷ. ಅವಳನ್ನು ಕರೆಯಬೇಡಿ. ಪಕ್ಕದಲ್ಲಿ ಒಂದು ಖಾಲಿ ಹಾಳೆ, ಇನ್ನೊಂದು ಪೆನ್ಸಿಲ್ ಇರಲಿ.